ಗೇಲಿ ಸಿನಿಮಾದಲ್ಲಿಟ್ಟ ಪಿಂಡ

ಗಂಗೆಯ ದಂಡೆಯ ಬಂಗಾಲಿ ಟೋಲಾ ಬೀದಿಯಲ್ಲಿ ನಮ್ಮ ನೆರೆಮನೆಯ ಪುರೋಹಿತರು ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದರು. ನಡುವೆ ಮಂತ್ರ ನಿಲ್ಲಿಸಿ ಬೆರಳೆತ್ತುವರು: "ಹೆಸರು, ಗೋತ್ರ ಸರಿಯಾಗಿ ಹೇಳಿ, ಇಲ್ದಿದ್ರೆ ಪಿಂಡ ತಲುಪಲ್ಲ."

ಗೂಢಚಾರರನ್ನು ಗೇಲಿ ಮಾಡುವ ಸಿನಿಮಾದವರು ಘಾಟಿನಲ್ಲಿ ಇವರನ್ನೇ ಪುರೋಹಿತರಾಗಿ ಕೂರಿಸಿದರು. ಕಥೆಯಲ್ಲಿ ಸತ್ತವನಿಗೆ ಹೆಸರೇ ಇರಲಿಲ್ಲ. ಇವರು ತಮ್ಮ ತಂದೆಯ ಹೆಸರು ಹೇಳಿ ಪಿಂಡ ಇಟ್ಟರು. "ಗಂಗೆಗೆ ನಾವೇ ಬಿಡುತ್ತೇವೆ" ಎಂದು ಸಿನಿಮಾದವರು ಇವರನ್ನು ಕಳಿಸಿಬಿಟ್ಟರು.

ಸಿನಿಮಾ ನೋಡಲು ಪುರೋಹಿತರು ನನ್ನನ್ನೂ ಕರೆದೊಯ್ದರು. ಹಾಳು ತಮಾಷೆಗೆ ಒಬ್ಬರೂ ನಗಲಿಲ್ಲ. ಕೊನೆಗೆ ನಾಯಕ ಆ ಪಿಂಡವನ್ನು ಲಡ್ಡು ಎಂದುಕೊಂಡು ಬಾಯಿಗೆ ಹಾಕಿ ಉಗಿದ. ಥಿಯೇಟರು ಗೊಳ್ಳೆಂದಿತು.

ಮುಂದಿನ ಸಾಲಿನವನೊಬ್ಬ ಪುರೋಹಿತರ ಗುರುತು ಹಿಡಿದು ತಿರುಗಿದ: "ವಾಹ್ ಗುರು, ಕ್ಯಾ ಆಕ್ಟಿಂಗ್!"

ಪುರೋಹಿತರ ಬೆರಳು ತಾನಾಗಿ ಮೇಲೆದ್ದಿತ್ತು. "ಅಪ್ಪನಿಗೆ ತಲುಪಲಿಲ್ಲ ಕಣಯ್ಯ" ಎಂದರು ನನಗೆ.