ಹೆಸರಿಗೆ ಹೆದರಿದ ನೆಟ್

ಟಿ. ನರಸೀಪುರದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ಇತ್ತು. ಪುಕ್ಕಟೆ ಸಿಗುವ ಕ್ವಿಜ್ ವೆಬ್‌ಸೈಟೊಂದನ್ನು ತರಗತಿಯಲ್ಲಿ ಬಳಸುವುದು ಹೇಗೆ ಅಂತ ತೋರಿಸುವುದು ನನ್ನ ಕೆಲಸ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಉತ್ತರವನ್ನು ಅವರವರ ಫೋನಿನಲ್ಲಿ ಒತ್ತಬೇಕು. ಕೊನೆಗೆ ಯಾರು ಮೊದಲು, ಯಾರು ಕಡೆ ಅಂತ ಪರದೆಯೇ ಹೆಸರು ಸಮೇತ ಸಾರುತ್ತದೆ.

ಹೇಳಿ ಮುಗಿಸಿದ್ದೇ ತಡ, ಮುಂದಿನ ಸಾಲಿನ ಹಿರಿಯ ಮೇಡಂ ಕೇಳಿದರು, "ಹೆಸ್ರು ಎಲ್ಲಾರ್ಗೂ ಕಾಣುತ್ತಾ ಸಾರ್?"

"ಕಾಣುತ್ತೆ ಮೇಡಂ."

"ಅಯ್ಯೋ, ನನ್ನ ಫೋನಲ್ಲಿ ನೆಟ್ಟೇ ಇಲ್ಲ ಕಣ್ರೀ."

ಪಕ್ಕದವರಿಗೂ ಇರಲಿಲ್ಲ. ನೋಡನೋಡುತ್ತ ಇಡೀ ಹಾಲ್‌ನಲ್ಲೇ ನೆಟ್ ಹೋಯಿತು. ಹಿಂದಿನ ಸಾಲಿನಲ್ಲಿ ಕೂತು ಫೋನ್ ಒತ್ತುತ್ತಿದ್ದ ಇಲಾಖೆಯ ಸಾಹೇಬರು ತಲೆ ಎತ್ತಿ ನನ್ನನ್ನೇ ದುರುಗುಟ್ಟಿ ನೋಡಿದರು.

"ನಿಮ್ಮ ಹೆಸರೇ ಹಾಕ್ಬೇಕು ಅಂತಿಲ್ಲ, ಬಾಯಿಗೆ ಬಂದದ್ದು ಹಾಕಿ," ಅಂದುಬಿಟ್ಟೆ.

ಆ ಕ್ಷಣವೇ ಎಲ್ಲರಿಗೂ ನೆಟ್ ಬಂತು! ಕಪಿಲೆ, ತಲಕಾಡು ಮರಳು, ಬಿಸಿಬೇಳೆಬಾತ್, ರಸಬಾಳೆ ಅಂತ ಹೆಸರುಗಳು ಪರದೆಯ ಮೇಲೆ ಸಾಲಾಗಿ ಇಳಿದವು. ನನಗೆ ಹೋದ ಜೀವ ಬಂದಂತಾಯಿತು. ತಲಕಾಡು ಮರಳು ಗೆದ್ದಾಗ ಆ ಮೇಡಂ "ನಾನೇ ಕಣ್ರೀ ಅದು!" ಅಂತ ಎದ್ದೇ ನಿಂತರು. ರಸಬಾಳೆ ಕಟ್ಟಕಡೆಗೆ ಬಂದಿತ್ತು. "ಯಾರ್ರೀ ಅದು?" ಅಂತ ಎಲ್ಲರೂ ನಕ್ಕರು, ಯಾರೂ ಒಪ್ಪಿಕೊಳ್ಳಲಿಲ್ಲ.

ಇನ್ನೊಂದು ಸುತ್ತು ಬೇಕು ಅಂತ ಗಲಾಟೆ ಎದ್ದಿತು. "ನೀವೂ ಸೇರ್ಕೊಳ್ಳಿ ಸಾರ್," ಅಂತ ಸಾಹೇಬರನ್ನು ಕರೆದೆ.

ಅವರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು. "ನೀವ್ ಆಡಿ ಆಡಿ. ನನ್ನ ಫೋನಲ್ಲಿ ಈಗ ತಾನೇ ನೆಟ್ ಹೋಯ್ತು."