ರಂಗಕ್ಕ ಪಿಸುದನಿಯಲ್ಲಿ ಜಗಳವಾಡಿದ್ದು

ನನ್ನಿವಾಳ ಎಂಬ ಊರಿನಲ್ಲಿ ರಂಗಕ್ಕನ ಜೊತೆ ಜಗಳಕ್ಕೆ ನಿಂತು ಗೆದ್ದವರು ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಇದ್ದ ತುಂಡು ಹೊಲವನ್ನು ಅವಳು ಬಾಯಿಯ ಬಲದಿಂದಲೇ ಉಳಿಸಿಕೊಂಡಿದ್ದಳು. ಮನೆಯಂಗಳದಲ್ಲಿ ನಿಂತು ಬೈದರೆ ಕೆರೆಯ ಏರಿಯ ಮೇಲೆ ಹೋಗುವವರು ತಮಗೇ ಇರಬೇಕೆಂದು ಹೆಜ್ಜೆ ಚುರುಕು ಮಾಡುತ್ತಿದ್ದರು. ಅಂಥವಳು ಒಮ್ಮೆ ಮಾತ್ರ ಸೋತಳು. ಬದುವಿನ ಹುಣಸೆಮರ ತನ್ನದೆಂದು ವಾದಿಸಿದಾಗ ಶಾನುಭೋಗರು ಲೆಕ್ಕದ ಪುಸ್ತಕದಿಂದ ತಲೆಯನ್ನೂ ಎತ್ತದೆ, "ಪಕ್ಕದವನದು ಅಂತ ಬರೆದಿದೆ" ಎಂದರು. ಮನುಷ್ಯರ ಮೇಲಾದರೆ ಜಗಳ ಆಡಬಹುದು, ಬರೆದದ್ದರ ಮೇಲೆ ಹೇಗೆ ಆಡುವುದು? ರಂಗಕ್ಕ ಸುಮ್ಮನೆ ಮನೆಗೆ ಬಂದಳು. ಊರಿನವರು ಅವಳಿಗೆ ಜ್ವರ ಬಂದಿದೆಯೆಂದುಕೊಂಡರು.

ಆ ಸಿಟ್ಟು ಆರುವ ಮೊದಲೇ ಊರಿನ ಚಾವಡಿಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ದುರ್ಗದಿಂದ ಬಂದ ಬೊಮ್ಮಲಿಂಗಪ್ಪ ಮೇಷ್ಟ್ರು ಗಂಟೆ ಬಾರಿಸಿ, ಬರಿಯ ನೆಲಕ್ಕೆ ಪಾಠ ಹೇಳಿ, ಗಂಟೆ ಬಾರಿಸಿ ಮನೆಗೆ ಹೋಗುತ್ತಿದ್ದರು. ಒಬ್ಬ ಹುಡುಗಿಯೂ ಬಂದಿರಲಿಲ್ಲ. ಅದನ್ನು ನೋಡಿದ ರಂಗಕ್ಕ, ಬರೆದದ್ದನ್ನು ಓದಬಲ್ಲ ಹೆಣ್ಣು ಊರಲ್ಲಿ ಒಬ್ಬಳಾದರೂ ಇರಲೆಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮೊದಲು ಹೋದದ್ದು ಯರ್ರಪ್ಪನ ಮನೆಗೆ. "ನಿನ್ನ ಮಗಳು ಓಬಕ್ಕನ್ನ ಕಳಿಸು," ಎಂದಳು.

"ಅವಳು ಓದಾಕೆ ಕುಂತ್ರೆ ಕುರಿಮರಿ ಯಾರು ಕಾಯ್ತಾರೆ? ಕೂಸು ಯಾರು ಎತ್ಕೋತಾರೆ?"

"ನಾನು ಕಾಯ್ತೀನಿ, ನಾನೇ ಎತ್ಕೋತೀನಿ. ಕಳಿಸು."

ಜಗಳದ ಬಿಸಿಯಲ್ಲಿ ಬಂದ ಮಾತು. ಆದರೆ ಅದು ಅವಳಿಗಿಂತ ಮೊದಲೇ ಕೇರಿ ಸುತ್ತಿ ಬಂದಿತ್ತು. ಮರುದಿನ ಬೆಳಿಗ್ಗೆ ಚಾವಡಿಗೆ ಹುಡುಗಿಯರು ಬಂದರು. ಅವರ ಹಿಂದೆ ಮರಿಗಳ ಹಿಂಡು, ಹುಡುಗಿಯರ ಸೊಂಟದಲ್ಲಿ ಮೂಗು ಸೋರುವ ಕೂಸುಗಳು. ಎಲ್ಲವೂ ಚಾವಡಿಯ ಮುಂದಿನ ಬೇವಿನಡಿಯಲ್ಲಿ ರಂಗಕ್ಕನ ಪಾಲಿಗೆ ಬಂದವು. ಅವಳು ಮಕ್ಕಳನ್ನು ಹೆತ್ತವಳಲ್ಲ, ಕುರಿ ಸಾಕಿದವಳೂ ಅಲ್ಲ. ಗದರಿದರೆ ಕೂಸುಗಳು ಅಳುತ್ತಿದ್ದವು, ಲಾಲಿ ಹಾಡಿದರೆ ಮರಿಗಳು ಓಡುತ್ತಿದ್ದವು. ಮೇಷ್ಟ್ರು ಒಳಗಿನಿಂದ ಕೈಮುಗಿದು, "ಸ್ವಲ್ಪ ಮೆಲ್ಲಗೆ ಹಾಡ್ರಿ" ಎಂದು ಬೇಡಿಕೊಂಡರು.

ಒಂದು ದಿನ ಯರ್ರಪ್ಪನ ಕೂಸು ಬೆಳಗಿನಿಂದ ಚೀರಾಡಿ ಕೊನೆಗೆ ಅವಳ ತೊಡೆಯ ಮೇಲೆ ನಿದ್ದೆಹೋಯಿತು. ರಂಗಕ್ಕ ಉಸಿರು ಬಿಗಿಹಿಡಿದು ಕುಳಿತಳು. ಮರಿಗಳು ಅದೇ ಸಮಯಕ್ಕೆ ಗೌಡ ದೊಡ್ಡಪಾಲಯ್ಯನ ಹಿತ್ತಲಿಗೆ ನುಗ್ಗಿ ಅವರೆಬಳ್ಳಿಗೆ ಬಾಯಿ ಹಾಕುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಏಳಲಾರಳು, ಕೂಗಲಾರಳು.

ಮರಿಗಳು ಅರ್ಧ ತಿಂದ ಬಳ್ಳಿಯನ್ನು ಹಿಡಿದುಕೊಂಡು ಗೌಡ ಬಂದ. "ಯಾವಳೇ ಅವಳು ಮರಿ ಬಿಟ್ಟೋಳು! ಇವತ್ತೇ ಈ ಶಾಲೆಗೆ ಬೀಗ ಹಾಕಿಸ್ತೀನಿ!"

ರಂಗಕ್ಕ ಬಾಯಿ ತೆರೆದಳು. ಕೂಸು ಮಿಸುಕಿತು. ಬಾಯಿ ಮುಚ್ಚಿ, ಹಲ್ಲು ಕಚ್ಚಿ, ಪಿಸುಗುಟ್ಟಿದಳು: "ಬೀಗ ಹಾಕಿಸ್ತೀಯಾ ಗೌಡ? ಹಾಕಿಸು ನೋಡಾನ."

"ಏನಂದೆ?" ಗೌಡ ಕೇಳಿಸದೆ ಬಗ್ಗಿದ. ಹತ್ತಿರ ಬಂದಾಗ ಕೂಸು ಕಾಣಿಸಿತು. ಅವನೂ ಮೊಮ್ಮಕ್ಕಳನ್ನು ಆಡಿಸಿದ ಮುದುಕ. ಅವನ ದನಿ ತಾನಾಗಿ ಇಳಿಯಿತು. "ಬಳ್ಳಿ ತಿಂದವಲ್ಲ, ರಂಗಕ್ಕ."

"ನಿನ್ನ ಹಿತ್ತಲಿಗೆ ಬೇಲಿ ಇಲ್ಲದಿದ್ರೆ ನಾನೇನು ಮಾಡ್ಲಿ?"

"ಬೇಲಿ ಐತೆ, ಬಿದ್ದೋಗೈತೆ."

"ಬಿದ್ದೋಗಿರೋದನ್ನ ಬೇಲಿ ಅಂತಾರಾ?"

ಊರಿನ ಎರಡು ದೊಡ್ಡ ಗಂಟಲುಗಳು ಹೀಗೆ ಪಿಸಪಿಸ ಜಗಳವಾಡಿದವು. ಪಿಸುದನಿಯಲ್ಲಿ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಮಾತು ಮುಗಿದಾಗ ಗೌಡ ಒಳಗೆ ಇಣುಕಿದ. ಮರಳಿನ ಮೇಲೆ ಬೆರಳಿನಿಂದ 'ಅ' ತಿದ್ದುತ್ತಿದ್ದ ಹುಡುಗಿಯರ ನಡುವೆ ಅವನ ಮೊಮ್ಮಗಳು ಸೂರಮ್ಮ ಕುಳಿತಿದ್ದಳು. ಮನೆಯಲ್ಲಿ ಬೆರಣಿ ತಟ್ಟಲು ಹೋಗುತ್ತೇನೆಂದು ಹೇಳಿ ಬಂದವಳು. ತಾತನನ್ನು ಕಂಡು ಅವಳು ಮರಳಿನ ಮೇಲೆ ಅಂಗೈ ಮುಚ್ಚಿದಳು.

"ತೆಗಿಯವ್ವ ಕೈಯ," ಎಂದ ಗೌಡ. ಅಲ್ಲಿದ್ದ ಅಕ್ಷರವನ್ನು ತುಸು ಹೊತ್ತು ನೋಡಿ, "ಚಂದಾಗೈತೆ," ಎಂದು ಹೊರಬಂದ.

ಮರುದಿನ ಅವನ ಆಳುಗಳು ಚಾವಡಿಯ ಪಕ್ಕದಲ್ಲೇ ಜಾಲಿಮುಳ್ಳಿನ ರೊಪ್ಪ ಹಾಕಿಕೊಟ್ಟರು. ಮರಿಗಳು ಅದರೊಳಗೆ ಸೇರಿದವು. ರಂಗಕ್ಕನಿಗೆ ಕೂಸುಗಳಷ್ಟೇ ಉಳಿದವು. ದಿನಗಳೆದಂತೆ ಅವು ಅವಳನ್ನು ಕಂಡರೆ ಕೈಚಾಚತೊಡಗಿದವು. ಇದು ಗೊತ್ತಾಗಬಾರದೆಂದು ಅವಳು ಊರಿನವರ ಮುಂದೆ ಕೂಸುಗಳನ್ನು ಬೈಯುತ್ತಿದ್ದಳು.

ಮುಳ್ಳಿನ ರೊಪ್ಪವನ್ನು ನೋಡಿ ಜೋಗಪ್ಪನಿಗೂ ಆಸೆಯಾಯಿತು. ಬರೀ ಗಂಡುಮಕ್ಕಳ ತಂದೆಯಾದ ಅವನು ಒಂದು ಬೆಳಿಗ್ಗೆ ತನ್ನ ಮರಿಗಳನ್ನೂ ಅಟ್ಟಿಕೊಂಡು ಬಂದ. ರಂಗಕ್ಕ ರೊಪ್ಪದ ಬಾಗಿಲಿಗೆ ಅಡ್ಡ ನಿಂತಳು.

"ಹುಡುಗಿ ಎಲ್ಲೈತೆ?"

"ನನಗೆ ಹೆಣ್ಣುಮಕ್ಕಳಿಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಹುಡುಗಿ ಇಲ್ದಿದ್ರೆ ಮರಿಗೂ ಜಾಗ ಇಲ್ಲ."

ಜೋಗಪ್ಪ ಗೊಣಗುತ್ತಾ ಮರಿಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋದ. ಆ ವಾರವೇ ಅವನು ಕುದಾಪುರದಲ್ಲಿದ್ದ ತಂಗಿಯ ಮನೆಗೆ ನಡೆದುಹೋಗಿ, ಅವಳ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡು, ಅವಳ ಮಗಳನ್ನು ಓದಲೆಂದು ಕರೆತಂದ.