ಕೌದಿಯ ತುದಿ

ನಮ್ಮ ಕಾಲೇಜಿನಲ್ಲಿ ಭಾಷಣಕ್ಕೂ ಒಂದು ತರಗತಿ ಇತ್ತು. ಮಾತಾಡುವುದನ್ನು ದುಡ್ಡು ಕೊಟ್ಟು ಕಲಿಯಬೇಕೇ ಎಂದು ಇಳಕಲ್ಲಿನ ನಮ್ಮ ಓಣಿಯವರು ನಕ್ಕಿದ್ದರು. ಉಸಿರು ಎಲ್ಲಿ ಎಳೆಯಬೇಕು, ಕೈ ಎಷ್ಟು ಎತ್ತಬೇಕು, ಒದರದೆ ಹಿಂದಿನ ಬೆಂಚಿಗೆ ದನಿ ಹೇಗೆ ಮುಟ್ಟಿಸಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿಕೊಡುತ್ತಿದ್ದರು. ಮಾಸ್ತರರ ಒಂದು ಪಾಠ ನೆನಪಾದರೆ ಮಾತ್ರ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಥೆಯಲ್ಲಿ ಎಲ್ಲ ಸರಿಯಾಗಿ ನಡೆದರೆ ಸಭೆ ಆಕಳಿಸುತ್ತದೆ, ಏನಾದರೊಂದು ತಪ್ಪಿಹೋಗಬೇಕು, ಆಗಲೇ ಜನ ಮುಂದಕ್ಕೆ ಬಾಗಿ ಕೇಳುತ್ತಾರೆ ಎನ್ನುತ್ತಿದ್ದರು.

ಆ ತರಗತಿಯಲ್ಲಿ ಇಬ್ಬಿಬ್ಬರನ್ನು ಜೋಡಿ ಹಾಕುತ್ತಿದ್ದರು. ಒಬ್ಬ ತನ್ನ ಬಾಳಿನ ಒಂದು ಸಂಗತಿ ಹೇಳಬೇಕು, ಇನ್ನೊಬ್ಬ ಅದನ್ನು ತನ್ನ ಮಾತಿನಲ್ಲಿ ಎಲ್ಲರೆದುರು ಹೇಳಬೇಕು. ನನ್ನ ಜೋಡಿ ಬಾದಾಮಿಯವನು. ಒಂದೇ ಖೋಲಿಯಲ್ಲಿದ್ದು ಒಂದೇ ತಾಟಿನಲ್ಲಿ ಉಂಡವರು ನಾವು. ನಮ್ಮ ಆಡು ಕಳೆದುಹೋದ ಕಥೆಯನ್ನು ನಾನು ಹೇಳಿದರೆ, ಅವನ ಬಾಯಲ್ಲಿ ಆ ಆಡಿನ ಹಿಂದೆ ಒಂದು ತೋಳವೂ ಬರುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ದೀಪಾವಳಿ ಸೂಟಿಗೆ ಊರಿಗೆ ಹೊರಟಾಗ ರೈಲಿನಲ್ಲಿ ಅವನು ಕೇಳಿದ, "ನಿಮ್ಮವ್ವನ ಸುದ್ದಿ ನೀ ಎಂದೂ ತಗ್ಯಾಂಗಿಲ್ಲಲ್ಲೋ, ಯಾಕ?"

ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದೆ. ನಮ್ಮ ಸೀರೆಗಳಲ್ಲಿ ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ಎದುರಿಗೆ ಇನ್ನೊಬ್ಬರು ತುದಿ ಹಿಡಿದಿರಬೇಕು. ಅಪ್ಪ ಮತ್ತು ಅವ್ವ ಎಷ್ಟೋ ವರ್ಷ ಹಾಗೆ ಎದುರುಬದುರು ಕುಳಿತವರು. ಅವ್ವ ಜ್ವರದಲ್ಲಿ ಮಲಗಿದಾಗ ಅಪ್ಪ ಸೀರೆ ಮಾರಲು ಸೊಲ್ಲಾಪುರಕ್ಕೆ ಹೋಗಿದ್ದ. ಕೊನೆಗೆ ಅವಳ ಬೆರಳುಗಳು ಹೊದ್ದ ಕೌದಿಯ ಮೇಲೆಯೇ ಕೊಂಡಿ ಹಾಕತೊಡಗಿದವು. "ಏನ್ರಿ, ತುದಿ ಹಿಡೀರಿ" ಎಂದಳು. ಅಪ್ಪ ಎದುರಿಗಿದ್ದಾನೆಂದೇ ಅವಳು ತಿಳಿದಿದ್ದಳು. ನಾನು ಹೋಗಿ ಕೌದಿಯ ತುದಿ ಹಿಡಿದು ಕುಳಿತೆ. ಅವಳು ಸಮಾಧಾನದಿಂದ ಹೋದಳು. ತನ್ನನ್ನು ಕರೆದಳೆಂದು ತಿಳಿದರೆ ಅಪ್ಪ ಮತ್ತೆ ಮಗ್ಗಕ್ಕೆ ಕೂರುವುದಿಲ್ಲ ಎಂದು ಹೆದರಿ, ನಿದ್ದೆಯಲ್ಲೇ ಹೋದಳೆಂದು ಅಪ್ಪನಿಗೆ ಹೇಳಿದ್ದೆ.

"ಅಪ್ಪಗ ಇದು ಗೊತ್ತಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದೆ.

"ನಿನ್ನ ಆಣಿಗೂ ಬಿಡೂದಿಲ್ಲ" ಎಂದು ನನ್ನ ಕೈ ಹಿಡಿದು ಹೇಳಿ ಅವನು ಬಾದಾಮಿಯಲ್ಲಿ ಇಳಿದ.

ಬೇಸಿಗೆಯಲ್ಲಿ ಬಾಗಲಕೋಟೆಯಲ್ಲಿ ನಮ್ಮ ತರಗತಿಯವರ ಭಾಷಣ ಸ್ಪರ್ಧೆ ಏರ್ಪಾಡಾಯಿತು. ನನ್ನ ಮಾತು ಕೇಳಲು ಅಪ್ಪ ಇಳಕಲ್ಲಿನಿಂದ ಬಂಡಿ ಕಟ್ಟಿಸಿಕೊಂಡು ಬಂದ. ಬೆಳಿಗ್ಗೆ ಅವನು ತಂದ ಬುತ್ತಿಯನ್ನು ನಾನೂ ಗೆಳೆಯನೂ ಕೂಡಿಯೇ ತಿಂದೆವು. ಸಜ್ಜೆರೊಟ್ಟಿ ಭಾಳ ಛಲೋ ಅದಾವ್ರಿ ಎಂದು ಅವನು ಅಪ್ಪನ ಎದುರಿಗೇ ಹೊಗಳಿದ.

ನಾನು ವಿದ್ಯೆಯ ಮಹತ್ವದ ಮೇಲೆ ಮಾತಾಡಿದೆ. ಜನ ಆಕಳಿಸಿದರು. ಆಮೇಲೆ ಅವನು ಎದ್ದ. ಇಳಕಲ್ಲಿನ ಒಬ್ಬ ನೇಕಾರನ ಮನೆ ಎಂದು ಶುರುಮಾಡಿದಾಗಲೇ ನಾನು ಅಪ್ಪನ ಕಡೆ ನೋಡಿದೆ. ಸೊಲ್ಲಾಪುರ ಬಂತು, ಜ್ವರ ಬಂತು, ಕೌದಿಯೂ ಬಂತು. "ಏನ್ರಿ, ತುದಿ ಹಿಡೀರಿ" ಎಂದು ಹೆಂಗಸಿನ ದನಿ ತೆಗೆದು ಅಂದ. ಅಲ್ಲಿ ತಡೆದು, ಕಲಿಸಿಕೊಟ್ಟ ಜಾಗದಲ್ಲೇ ಉಸಿರೆಳೆದು, ಹುಡುಗ ಹೆದರಿ ಹೊರಗೆ ಓಡಿಹೋದ, ಆ ತಾಯಿಯ ಕೈ ಗಾಳಿಯಲ್ಲೇ ಉಳಿಯಿತು ಎಂದ. ಸಭೆಯಲ್ಲಿ ಗಂಡಸರೂ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಮೊದಲ ಸಾಲಿನಲ್ಲಿದ್ದ ಅಪ್ಪ ಅಳಲಿಲ್ಲ. ತಿರುಗಿ ನನ್ನನ್ನು ನೋಡಿದ.

ಗೆದ್ದು ಕೊರಳಲ್ಲಿ ಹಾರ ಹಾಕಿಕೊಂಡು ಬಂದವನ ರಟ್ಟೆ ಹಿಡಿದು, "ನಾ ಎಲ್ಲಿ ಓಡಿಹೋಗಿದ್ನಿ?" ಎಂದು ಕೇಳಿದೆ.

"ಹೆಸರೇನೂ ಹೇಳಿಲ್ಲಲ್ಲೋ" ಎಂದ. "ಹುಡುಗ ಓಡಿ ಹೋಗಲಿಲ್ಲಂದ್ರ ಮಂದಿ ಆಕಳಿಸ್ತಾರ. ನಿನಗೂ ಗೊತ್ತೈತಿ."

ಅವನ ಮುಖದಲ್ಲಿ ನಾಚಿಕೆ ಹುಡುಕಿದೆ, ಸಿಗಲಿಲ್ಲ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.

ಅಂದೇ ಅಪ್ಪನ ಜೊತೆ ಬಂಡಿಯಲ್ಲಿ ಊರಿಗೆ ಹೊರಟೆ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಳ್ಳದೆ ಅವನು ಎಂದೂ ಮುಂದೆ ಹೋದವನಲ್ಲ. ಅಂದು ಬಂಡಿ ನಿಂತರೂ ಇಳಿಯಲಿಲ್ಲ. ಹುನಗುಂದ ಹತ್ತಿರ ಬಂದಾಗ ನಾನೇ ಬಾಯಿ ತೆರೆದೆ.

"ಅಪ್ಪಾ, ನಾ ಓಡಿಹೋಗಿಲ್ಲ. ತುದಿ ಹಿಡಕೊಂಡು ಕುಂತಿದ್ನಿ."

ಅಪ್ಪ ಎತ್ತುಗಳ ಕಡೆಯೇ ನೋಡುತ್ತಿದ್ದ. "ನನ್ನ ಸಮಾಧಾನಕ್ಕ ಹೇಳಬ್ಯಾಡ. ನಿದ್ದ್ಯಾಗ ಹೋದಳು ಅಂತನೂ ನೀನಽ ಹೇಳಿದ್ದಿ."

ಆಣೆ ಮಾಡಿದೆ, ಕಣ್ಣೀರಿಟ್ಟೆ. ಗೆಳೆಯ ನಿಂತು ನಿಧಾನವಾಗಿ, ಸರಿಯಾದ ಜಾಗದಲ್ಲಿ ತಡೆದು ಹೇಳಿದ್ದ. ನಾನು ತೊದಲುತ್ತಿದ್ದೆ. ಅಪ್ಪ ಅವನನ್ನೇ ನಂಬಿದ.

ಅಪ್ಪ ಮಗ್ಗ ಬಿಡಲಿಲ್ಲ, ಆ ನನ್ನ ಹೆದರಿಕೆ ಸುಳ್ಳಾಯಿತು. ಊರು ಮುಟ್ಟಿದ ಮರುದಿನ ಹೊಸ ಸೀರೆಗೆ ಸೆರಗು ಕೂಡಿಸುವುದಿತ್ತು. ಅವ್ವ ಹೋದ ಮೇಲೆ ಸೂಟಿಯಲ್ಲಿ ಆ ಕೆಲಸಕ್ಕೆ ಎದುರಿಗೆ ಕೂರುತ್ತಿದ್ದವನು ನಾನು. ಅಂದೂ ಹೋಗಿ ಕುಳಿತೆ. ಅಪ್ಪ ನನ್ನ ತಲೆಯ ಮೇಲಿಂದ ಪಕ್ಕದ ಮನೆಗೆ ಕೂಗಿದ, "ಕಾಕಾ, ಒಂದೀಟು ಬರ್ರಿ. ತುದಿ ಹಿಡಿಯಾಕ ಯಾರೂ ಇಲ್ಲ."